ಟವೆಲ್ ಬಿಗಿದ ಕೈ

ಮಾದರಿ ವಿಮಾನ ಹಾರಿಸಲು ಅಂಗಡಿಯಲ್ಲಿ ಸಿಗುವ ರಿಮೋಟಿಗೆ ಸಾಮಾನ್ಯವಾಗಿ ಎರಡು ಕೈ ಬೇಕು. ಒಂದೇ ಕೈ ಇರುವವರ ನೆನಪು ಅದನ್ನು ಮಾಡಿದವರಿಗೆ ಬಂದೇ ಇಲ್ಲ. ಕೊಯಮತ್ತೂರಿನ ನಮ್ಮ ವೆಳ್ಳಿಂಗಿರಿಯಣ್ಣನಿಗೆ ಬಂದಿದೆ. ಕಂಪ್ಯೂಟರ್ ಆಟದ, ಒಂದೇ ಕೈಯಲ್ಲಿ ಹಿಡಿದಾಡಿಸುವ ಕೋಲಿನ ಹಳೆ ಜಾಯ್‌ಸ್ಟಿಕ್ ಎಲ್ಲಿ ಕಂಡರೂ ನೆಂಟರ ಮಗುವಿನಂತೆ ಎತ್ತಿಕೊಳ್ಳುತ್ತಾನೆ. ಬಿಚ್ಚಿದ ಸ್ಕ್ರೂಗಳಿಗೆಲ್ಲ ಇಡ್ಲಿ ತಟ್ಟೆಯ ಗುಳಿಗಳೇ ಮನೆ. ಹೆಂಡತಿ ಇಡ್ಲಿಗೆ ಬೇರೆ ತಟ್ಟೆ ಕೊಂಡು ವರ್ಷಗಳಾದವು. ಜಾಯ್‌ಸ್ಟಿಕ್ಕಿನ ಒಳಗೆ ವಿಮಾನಕ್ಕೆ ಸಂಕೇತ ಕಳಿಸುವ ರೇಡಿಯೋ ಕೂರಿಸಿ, ಕೋಲು ವಾಲಿಸಿದರೆ ವಿಮಾನ ವಾಲುವಂತೆ, ತಿರುಚಿದರೆ ಬಾಲ ತಿರುಗುವಂತೆ, ಹೆಬ್ಬೆರಳು ಒತ್ತಿದರೆ ವೇಗ ಏರುವಂತೆ ಮಾಡುತ್ತಾನೆ. ಆಮೇಲೆ ತನ್ನ ಎಡಗೈಯನ್ನು ಟವೆಲಿನಿಂದ ಸೊಂಟಕ್ಕೆ ಬಿಗಿದುಕೊಂಡು ಮೂರು ದಿನ ಮೈದಾನದಲ್ಲಿ ಹಾರಿಸಿ ನೋಡುತ್ತಾನೆ. “ಏನಣ್ಣ, ಅತ್ತಿಗೆ ಕಟ್ಟಿಹಾಕಿ ಕಳ್ಸಿದ್ರಾ?” ಎಂದು ಮೈದಾನದವರು ಕಿಚಾಯಿಸಿದರೆ, “ಅವಳು ಕಟ್ಟೋದಾದ್ರೆ ಬಾಯಿ ಕಟ್ತಿದ್ಲು ಕಣ್ರೋ” ಎನ್ನುತ್ತಾನೆ. ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಎಡಗೈ ಕಳೆದುಕೊಂಡ ದೇವಸಹಾಯಂ, ಅಂಥದೊಂದನ್ನು ಅಣ್ಣನಿಂದ ತೆಗೆದುಕೊಳ್ಳುವಾಗ, “ಇದ್ರಲ್ಲೂ ಆಗ್ಲಿಲ್ಲ ಅಂದ್ರೆ ವಿಮಾನ ಮಾರ್ಬಿಡ್ತೀನಣ್ಣ” ಎಂದಿದ್ದ. ಕಳೆದ ಭಾನುವಾರ ಆತ ನಾಲ್ಕು ವರ್ಷಗಳ ಮೇಲೆ ತನ್ನ ವಿಮಾನವನ್ನು ತಾನೇ ಏರಿಸಿ, ತಾನೇ ಇಳಿಸಿದ. ಪಕ್ಕದಲ್ಲಿ ವೆಳ್ಳಿಂಗಿರಿಯಣ್ಣ ಅಂದು ಎರಡೂ ಕೈ ಕಟ್ಟಿಸಿಕೊಂಡು ನಿಂತಿದ್ದ. “ಬಿಟ್ರೆ ಸಹಾಯಕ್ಕೆ ಅಂತ ಅವನ ಕೋಲು ಕಸಿಯೋಕೆ ಹೋಗ್ತವೆ, ಹಾಳಾದ ಕೈಗಳು” ಎಂದ. ಹತ್ತು ಜನರಿಗಾಗಿ ಏನನ್ನಾದರೂ ತಯಾರಿಸುವ ನೀವು, ಮಾರುವ ಮೊದಲು ನಿಮ್ಮದೂ ಒಂದು ಕೈ ಕಟ್ಟಿಕೊಂಡು ಅದನ್ನು ಬಳಸಿ ನೋಡಿ.