ಬೀಳಗಿ ದಾರಿಯ ಸಪ್ಪೆ ಊಟ

ಬೆಳಗಿನ ಬಸ್ಸಿಗೆ ನನ್ನ ತವರೂರು ಬನಹಟ್ಟಿಯಿಂದ ಹೊರಟೆವು. ಹೆಣ್ಣುಮಗಳೆಂದು ನನ್ನದು ಪುಕ್ಕಟೆ ಟಿಕೆಟ್, ತಮ್ಮ ಮಲ್ಲಪ್ಪನದಕ್ಕೆ ರೊಕ್ಕ. "ಜಡ್ಡಾದವನ ಕಡೀಂದ ರೊಕ್ಕ ತಗೋತಾರ, ಗಟ್ಟಿಮುಟ್ಟ ಇದ್ದಾಕಿನ್ನ ಪುಕಟ ಒಯ್ತಾರ" ಎಂದು ಗೊಣಗಿದ. ಗೊಣಗುವಷ್ಟು ಶಕ್ತಿ ಬಂದಿದೆಯಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

ಅವನಿಗೆ ಕಾಮಣಿ, ಅಂದರೆ ಕಾಮಾಲೆ ಆಗಿ, ಮನೆಯ ಪವರ್‌ಲೂಮ್ ನಿಂತೇ ಹೋಗಿತ್ತು. ಒಮ್ಮೆ ಇಳಿದದ್ದು, ಬಾಯಿ ಕಟ್ಟದೆ ತಿಂದು ಮತ್ತೆ ಏರಿತ್ತು. ಇನ್ನೊಮ್ಮೆ ತಿರುಗಿದರೆ ಲಿವರ್ ತಡೆಯುವುದಿಲ್ಲ ಎಂದು ಜಮಖಂಡಿಯ ಡಾಕ್ಟರು ಹೇಳಿದ್ದರು. ಅವರ ಗುಳಿಗೆಯ ಜೊತೆಗೆ, ಬೀಳಗಿ ಹತ್ತಿರದ ಹಳ್ಳಿಯ ನೀಲವ್ವನ ಬೇರಿನ ಔಷಧವೂ ನಡೆದಿತ್ತು. ಅತ್ತೆಯಿಂದ ಸೊಸೆಗೆ ಬಂದ ಔಷಧ ಅದು. ರಕ್ತದ ರಿಪೋರ್ಟು ಕೇಳದೆ ಅವಳೂ ಕೊಡುವುದಿಲ್ಲ. ಹುಣ್ಣಿಮೆಗೆ ಕೊಟ್ಟಾಗ, ಅಮಾವಾಸ್ಯೆಯವರೆಗೆ ಉಪ್ಪು, ಖಾರ, ಎಣ್ಣೆ ಮುಟ್ಟಬೇಡ ಎಂದಿದ್ದಳು. ನಾಳೆ ಅಮಾವಾಸ್ಯೆ ಎನ್ನುವಾಗ ನಾವು ಅವಳಿಗೆ ತೋರಿಸಲು ಎರಡನೇ ಸಲ ಹೊರಟದ್ದು.

ಮಹಾಲಿಂಗಪುರ ದಾಟಿದ ಮೇಲೆ, ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಮುಧೋಳದಲ್ಲಿ ಬಸ್ಸು ಬದಲಿಸಬೇಕು. ಸೀಟು ಹಿಡಿಯಲು ನಾನು ಓಡಿದೆ, ಮಲ್ಲಪ್ಪ ಸಾವಕಾಶವಾಗಿ ಬಂದ. ಬೆರಳಿಗೆ ಎಣ್ಣೆ ಮೆತ್ತಿತ್ತು.

"ಏನ್ ತಿಂದಿಲೇ?"

"ಒಂದ ಮಿರ್ಚಿ ಭಜಿ ಅಕ್ಕಾ. ನಾಳೆ ಹೆಂಗೂ ಪಥ್ಯ ಮುಗೀತದಲ್ಲ."

ಅವನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಸಪ್ಪನ ಪಲ್ಯದ ಗಂಟು ನನ್ನ ಚೀಲದಲ್ಲಿ ಹಾಗೇ ಇತ್ತು. ಬೀಳಗಿ ಮುಟ್ಟುವವರೆಗೂ ನಾನು ಚೀಲವನ್ನು ಅವುಚಿಕೊಂಡು ಕೂತೆ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಬೀಳಗಿಯಿಂದ ಟಂಟಂ ಆಟೋ ಹಿಡಿದು ಹಳ್ಳಿ ಸೇರಿದಾಗ ಊಟದ ಹೊತ್ತು. ಹಿಂದಿನ ಸಲ ಔಷಧ ಇಸಿದುಕೊಂಡು ಹಾಗೇ ಹೊರಟಿದ್ದೆವು. ಈ ಸಲ ನೀಲವ್ವ ಉಣ್ಣಿಸದೆ ಬಿಡಲಿಲ್ಲ. ಎಪ್ಪತ್ತು ದಾಟಿದ ಸಣಕಲು ಮುದುಕಿ. ಮಲ್ಲಪ್ಪನ ರೆಪ್ಪೆ ಎಳೆದು ಕಣ್ಣು ನೋಡಿ, "ಇಳಿಯಾಕತ್ತೈತಿ ತಮ್ಮಾ" ಎಂದಳು.

ಅವಳ ಸೊಸೆ ಎರಡು ಪಾತ್ರೆ ತಂದಿಟ್ಟಳು. ಒಂದರಿಂದ ನನಗೆ ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಇನ್ನೊಂದರಲ್ಲಿ ಉಪ್ಪು ಖಾರ ಇಲ್ಲದ ಹೆಸರುಬೇಳೆ. ಅದನ್ನು ಮಲ್ಲಪ್ಪನಿಗೆ ಹಾಕಿ, ಅದರಿಂದಲೇ ನೀಲವ್ವನ ತಾಟಿಗೂ ಹಾಕಿದಳು.

"ನಿಮಗೇನಾಗೈತ್ರಿ ಅವ್ವಾ?" ಎಂದು ಮಲ್ಲಪ್ಪ ಕೇಳಿದ.

"ನನಗೇನಾಗಬೇಕೋ. ನಿನಗ ಆಗೈತಲ್ಲ."

ಸೊಸೆ ನನಗೆ ಬಿಡಿಸಿ ಹೇಳಿದಳು. "ನಮ್ಮ ಮನ್ಯಾಗ ಹಂಗೈತ್ರಿ ಅಕ್ಕಾರ. ಔಷಧ ತಗೊಂಡವರು ಎಷ್ಟ ದಿನ ಸಪ್ಪನ ಉಣ್ತಾರ, ಕೊಟ್ಟಾಕಿನೂ ಅಷ್ಟ ದಿನ ಸಪ್ಪನ. ಮೊನ್ನೆ ನಮ್ಮ ಅತ್ತಿಯವರು ನಳದ ಕಡೆ ಹೋಗಿ ಕಣ್ಣಿಗೆ ಕತ್ತಲಿ ಬಂದು ಕುಂತಬಿಟ್ರು. ಚೂರು ಉಪ್ಪ ಹಾಕ್ತೀನಂದ್ರ ಕೇಳಲಿಲ್ಲ. ನಾಳೆ ಮುಗೀತದಂತ ಅವರಿಗೆ ಮಾವಿನಕಾಯಿ ಉಪ್ಪಿನಕಾಯಿ ತಗದಿಟ್ಟೇನ್ರಿ."

ಮಲ್ಲಪ್ಪನ ಕೈ ತಾಟಿನಲ್ಲೇ ನಿಂತಿತು. ಮಿರ್ಚಿಯ ಸಂಗತಿ ಅವನೇ ಹೇಳಲಿ ಎಂದು ನಾನು ಕಾದೆ. ಅದು ಅವರಿಬ್ಬರ ನಡುವಿನ ಮಾತು ಅನ್ನಿಸಿತು. ಇವನು ಮುಚ್ಚಿಟ್ಟರೆ ಏನು ಗತಿ ಎಂದು ಅವನ ಮುಖವನ್ನೇ ನೋಡಿದೆ.

"ಅವ್ವಾ, ಮುಧೋಳದಾಗ ಮಿರ್ಚಿ ತಿಂದ್ನಿರಿ" ಎಂದ ಕಡೆಗೆ.

ನೀಲವ್ವ ಬೈಯಲಿಲ್ಲ. ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದಳು.

"ಖರೆ ಹೇಳಿದಿ, ಛಲೋ ಆತು. ಇವತ್ತಿಂದ ಹುಣ್ಣಿಮಿ ತನಕ ಮತ್ತ ಪಥ್ಯ ಹಿಡಿಯೂಣು, ಇಬ್ರೂ. ಡಾಕ್ಟರಿಗೆ ರಕ್ತಾನೂ ತೋರಿಸು." ಸೊಸೆಯ ಕಡೆ ತಿರುಗಿದಳು. "ಉಪ್ಪಿನಕಾಯಿ ಮ್ಯಾಲಿಡವಾ."

"ನೀವ್ಯಾಕ್ರಿ ಅವ್ವಾ? ತಪ್ಪ ನಂದು."

"ಔಷಧ ನಂದಲ್ಲೇನು?" ಎಂದು ಅವಳು ರೊಟ್ಟಿಯ ಇನ್ನೊಂದು ತುತ್ತು ಮುರಿದಳು.

ವಾಪಸು ಬರುವಾಗ ಜಮಖಂಡಿ ಮೇಲೆ ಬನಹಟ್ಟಿಗೆ ಹೋಗುವ ಬಸ್ಸು ಸಿಕ್ಕಿತು. ನನ್ನ ಗಂಡನ ಮನೆ ಇರುವುದು ಜಮಖಂಡಿಯಲ್ಲಿ. ಇಳಿಯುವ ಮುಂಚೆ ರೊಟ್ಟಿಯ ಗಂಟನ್ನು ಮಲ್ಲಪ್ಪನ ಕೈಗೆ ಕೊಟ್ಟೆ.

"ಬೆಳಗಿಂದು, ರೊಟ್ಟಿ ಬಿರುಸಾಗಿರತಾವು. ಮನಿಗೆ ಹೋಗಿ ಬಿಸೀದು ಉಣ್ಣು."

ಅವನು ಕಿಟಕಿಯಾಚೆ ಇಳಿಯುತ್ತಿದ್ದ ಹೊತ್ತನ್ನು ನೋಡಿದ.

"ಇಲ್ಲಕ್ಕಾ. ಅಲ್ಲಿ ನೀಲವ್ವ ಈಗ ಊಟಕ್ಕ ಕುಂತಿರತಾಳ. ಒಬ್ಬಾಕೀನ ಸಪ್ಪನ ಉಣ್ಣಾಕತ್ತಿರತಾಳ."

ಕೆಳಗಿಳಿದು ತಿರುಗಿ ನೋಡಿದೆ. ತೊಡೆಯ ಮೇಲೆ ಗಂಟು ಬಿಚ್ಚಿಕೊಂಡು ಆ ಬಿರುಸು ರೊಟ್ಟಿಯನ್ನು ಮುರಿಯುತ್ತಿದ್ದ.