ಅಂಗನವಾಡಿಯ ದಾರಿಯಲ್ಲಿ ಟೆನ್ಸು

ಅರಂತೋಡಿನಿಂದ ಒಳಗೆ ಹೋಗುವ ಒಂದು ಊರಿನ ಅಂಗನವಾಡಿ ಸಹಾಯಕಿ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬಂದಾಗ ನಾನು ಯಾರಿಗೂ ಏನನ್ನೂ ಕಲಿಸುವ ಮನಸ್ಸಿನಲ್ಲಿರಲಿಲ್ಲ. ಮಾರ್ಚ್ ಮುಗಿದಿತ್ತು. ಅತಿಥಿ ಶಿಕ್ಷಕಿಯ ಅತಿಥಿತನ ಮಾರ್ಚಿಗೆ ಮುಗಿಯುತ್ತದೆ. ಜೂನಿನಲ್ಲಿ ಮತ್ತೆ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ವರ್ಷಗಟ್ಟಲೆ ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಇನ್ನೂ ನೆಂಟರಂತೆ ಬಾಗಿಲಲ್ಲಿ ನಿಂತವಳು ನಾನು. ಬೇಸಗೆ ರಜೆಯಲ್ಲಿ ಕೊಯಿಲದ ತವರಿಗೆ ಹೋಗಿ ಮಲಗಿಕೊಳ್ಳುವ ಯೋಚನೆಯಲ್ಲಿದ್ದೆ. ಆಗ ಬಾಡಿಗೆ ಮನೆಯ ಜಗಲಿಯಲ್ಲಿ ಈ ಹೆಂಗಸು ಬಂದು ಕುಳಿತಳು.

ನಲವತ್ತರ ಹತ್ತಿರದವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕುಳಿತಿದ್ದಳು, ಯಾವ ಗಳಿಗೆಯಲ್ಲಾದರೂ ಎದ್ದು ಕೆಲಸಕ್ಕೆ ಹೋಗಬೇಕಾದವರ ಹಾಗೆ.

"ಟೀಚರೇ, ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಇಂಗ್ಲಿಷ್ ಒಂದೇ ಬಾಕಿ ಇರುದು. ಉಳಿದದ್ದೆಲ್ಲ ಪಾಸು. ನಮ್ಮ ಅಂಗನವಾಡಿ ಟೀಚರ್ ಬರುವ ವರ್ಷ ರಿಟೈರ್ ಆಗುದು. ನಾನು ಪಾಸಾದ್ರೆ ಆ ಕೆಲಸ ನನಗೇ ಅಂತ ಹೇಳಿದ್ದಾರೆ. ಇಲ್ಲದಿದ್ರೆ ಹೊರಗಿನವರು ಬರ್ತಾರೆ."

ಅವಳಿಗೆ ಬೇಕಾದದ್ದು ಅಷ್ಟೇ. ಆ ಒಂದು ಕೋಣೆಯ ಅಂಗನವಾಡಿಯಲ್ಲಿ ನೆಲ ಗುಡಿಸುವುದು, ಗಂಜಿ ಬೇಯಿಸುವುದು, ಮಕ್ಕಳ ಮೂಗು ಒರೆಸುವುದು, ಅಕ್ಷರ ತಿದ್ದಿಸುವುದು ಎಲ್ಲವೂ ಇವಳೇ. ಟೀಚರಮ್ಮನಿಗೆ ಮೊಬೈಲಿನಲ್ಲಿ ಲೆಕ್ಕ ತುಂಬಿಸುವುದರಲ್ಲೇ ದಿನ ಕಳೆಯುತ್ತಿತ್ತು. ಆದರೂ ಊರಿನ ಬಾಯಲ್ಲಿ ಅವರು 'ಟೀಚರ್', ಇವಳು 'ಆಯಾ'. "ಒಂದು ಸಲ ಆದ್ರೂ ಟೀಚರ್ ಅಂತ ಕರೆಸಿಕೊಳ್ಬೇಕು ನನಗೆ," ಎಂದಳು. ಹೇಳಿದ ಮೇಲೆ ನಾಚಿಕೆಯಾಗಿ ಜಗಲಿಯ ನೆಲವನ್ನು ಕೈಯಿಂದ ಉಜ್ಜತೊಡಗಿದಳು.

ನಾನು ಸುಲಭದ ದಾರಿ ಹೇಳಿದೆ. ನಮ್ಮ ಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂಬುದೊಂದುಂಟು. ಹಿಂದುಳಿದ ಮಕ್ಕಳಿಗೆ ಎರಡು ಪತ್ರ, ಎರಡು ಪದ್ಯ, ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸಿ ಹೇಗಾದರೂ ದಡ ಸೇರಿಸುವುದು. ವ್ಯಾಕರಣದ ಗೊಡವೆಗೆ ಹೋಗಬಾರದು. "ಟೆನ್ಸ್ ಎಲ್ಲ ಬಿಟ್ಟುಬಿಡಿ ಮೇಡಂ, ಅದು ಅವರ ಮಂಡೆಗೆ ಹೋಗುದಿಲ್ಲ," ಎಂದು ನಮ್ಮ ಹೆಡ್‌ಮಾಸ್ತರರು ವರ್ಷವೂ ಹೇಳುತ್ತಿದ್ದರು. ನಾನೂ ಬಿಟ್ಟಿದ್ದೆ.

"ಬಾಯಿಪಾಠ ಬೇಡ ಟೀಚರೇ," ಎಂದಳು ಇವಳು. "ಹಿಂದಿನ ಸಲ ಅದನ್ನೇ ಮಾಡಿದ್ದು. ಪ್ರವಾಸಕ್ಕೆ ಅನುಮತಿ ಕೇಳಿ ಅಪ್ಪನಿಗೆ ಪತ್ರ ಕಲಿತುಕೊಂಡು ಹೋದೆ. ಅಲ್ಲಿ ಹೆಡ್‌ಮಾಸ್ತರಿಗೆ ಬರೀಲಿಕ್ಕೆ ಬಂದಿತ್ತು. ನಾನು ಹೆಡ್‌ಮಾಸ್ತರಿಗೇ 'ಮೈ ಡಿಯರ್ ಫಾದರ್' ಅಂತ ಬರೆದು, ಕೊನೆಗೆ 'ಅಮ್ಮನನ್ನು ಕೇಳಿದ್ದೇನೆ ಅಂತ ತಿಳಿಸಿ' ಅಂತಲೂ ಬರೆದು ಬಂದೆ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಅವಳೇ ಹೇಳಿದಳು, "ನನಗೆ ಅರ್ಥ ಆಗ್ಬೇಕು. ಅರ್ಥ ಆಗದೆ ಮಕ್ಕಳಿಗೆ ಹೇಗೆ ಹೇಳಿಕೊಡುದು?" ಕೊಯಿಲಕ್ಕೆ ಹೋಗುವ ಯೋಚನೆ ಬಿಟ್ಟೆ.

ಭಾನುವಾರ ಭಾನುವಾರ ಪಾಠ. ಟೆನ್ಸಿನಿಂದಲೇ ಶುರು. ನಮ್ಮ ಕಡೆಯವರಿಗೆ ಟೆನ್ಸ್ ಕಲಿಸುವ ಕಷ್ಟ ಹೊರಗಿನವರಿಗೆ ತಿಳಿಯದು. ಇಲ್ಲಿ ಒಂದು 'ಮಾಡುದು' ಇದ್ದರೆ ಸಂಸಾರ ಸಾಗುತ್ತದೆ. ದಿನಾ ಮಾಡುದು, ಈಗ ಮಾಡುದು, ನಾಳೆ ಮಾಡುದು. "ಎಂತ ಮಾಡುದು?" ಎಂದರೆ ಈಗ ಏನು ಮಾಡುತ್ತಿದ್ದೀರಿ ಎಂದೂ ಆಯಿತು, ಇನ್ನು ಮುಂದೆ ಗತಿ ಏನು ಎಂದೂ ಆಯಿತು. ಅಂಥವರ ಮುಂದೆ ನಾನು 'ಐ ಕುಕ್', 'ಐ ಆಮ್ ಕುಕಿಂಗ್', 'ಐ ವಿಲ್ ಕುಕ್' ಎಂದು ಮೂರು ಗೆರೆ ಎಳೆದು ಕೂರಬೇಕು. ಅದೂ ಅಲ್ಲದೆ ಕನ್ನಡದ 'ಉಂಟು', ತುಳುವಿನ 'ಉಂಡು', ಅವಳ ಮನೆಮಾತು ಅರೆಭಾಷೆಯ 'ಉಟ್ಟು' ಮೂರೂ ಸೇರಿ, ಇಂಗ್ಲಿಷಿಗೆ ಹೋಗುವಾಗ ಎಲ್ಲ ಕ್ರಿಯಾಪದದ ಹಿಂದೆಯೂ ಒಂದು 'ಈಸ್' ಅಂಟಿಕೊಳ್ಳುತ್ತಿತ್ತು. 'ಚಿಲ್ಡ್ರನ್ ಈಸ್ ಈಟ್.' 'ರೈನ್ ಈಸ್ ಕಮ್.'

"ಆ ಈಸನ್ನು ಸ್ವಲ್ಪ ಮನೆಯಲ್ಲಿ ಬಿಟ್ಟು ಬನ್ನಿ ಮಾರಾಯ್ತಿ!" ಎಂದು ನಾನು ಬೊಬ್ಬೆ ಹೊಡೆಯುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವಳು ಬೇಸರಿಸುತ್ತಿರಲಿಲ್ಲ. ಮಕ್ಕಳ ಜೊತೆ ಇದ್ದು ಇದ್ದು ಬೊಬ್ಬೆ ಅವಳಿಗೆ ಏನೂ ಅಲ್ಲ.

'ಹ್ಯಾವ್', 'ಹ್ಯಾಸ್' ಬಂದಾಗ ನಾನು ಪುತ್ತೂರಿನಲ್ಲಿ ಬಿ.ಎಡ್. ಓದುವಾಗ ಕಂಡುಕೊಂಡ ಉಪಾಯ ತೆಗೆದೆ. ಅದು ಪುಸ್ತಕದಲ್ಲಿಲ್ಲ. ತುಳುವಿನಲ್ಲಿ 'ಆಯೆ ಬತ್ತೆ' ಎಂದರೆ ಬಂದ, ಬಂದದ್ದು ಅಲ್ಲಿಗೆ ಮುಗಿಯಿತು. 'ಆಯೆ ಬೈದೆ' ಎಂದರೆ ಬಂದಿದ್ದಾನೆ, ಬಂದವನು ಇನ್ನೂ ಇಲ್ಲೇ ಇದ್ದಾನೆ. "ಬತ್ತೆ ಅಂದ್ರೆ 'ಕೇಮ್'. ಬೈದೆ ಅಂದ್ರೆ 'ಹ್ಯಾಸ್ ಕಮ್'," ಎಂದೆ. ಅವಳು ಪೆನ್ನು ಕೆಳಗಿಟ್ಟಳು. "ಇಷ್ಟೆಯಾ? ಇದು ನನಗೆ ಹುಟ್ಟಿದಾಗಿನಿಂದ ಗೊತ್ತುಂಟಲ್ಲ ಟೀಚರೇ!" ಎಂದು ತೊಡೆ ತಟ್ಟಿಕೊಂಡು ಎದ್ದುನಿಂತಳು. ನನಗೂ ಮೈ ಜುಮ್ಮೆಂದಿತು. ಇಷ್ಟು ವರ್ಷ ಕಲಿಸಿದ್ದರಲ್ಲಿ ಅಂಥ ಸಂತೋಷ ಬಹಳ ಸಲ ಸಿಕ್ಕಿದ್ದಲ್ಲ.

ಅವಳಿಗೆ ಕುಳಿತು ಓದಲು ಪುರುಸೊತ್ತು ಎಲ್ಲಿ? ಅಂಗನವಾಡಿ ಸಹಾಯಕಿ ಬೆಳಿಗ್ಗೆ ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬರಬೇಕು. ನಮ್ಮ ಊರುಗಳಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ, ತೋಡು ದಾಟಲು ಒಂದು ಸಂಕ. ಆ ದಾರಿಯೇ ಅವಳ ಓದುವ ಕೋಣೆಯಾಯಿತು. ಒಂದು ಮಗು ಸೊಂಟದಲ್ಲಿ, ಎರಡು ಮಕ್ಕಳು ಸೆರಗು ಹಿಡಿದುಕೊಂಡು, ಇವಳು ಗಟ್ಟಿಯಾಗಿ, "ಐ ವಾಕ್. ಐ ಆಮ್ ವಾಕಿಂಗ್. ಐ ಹ್ಯಾವ್ ವಾಕ್ಡ್." ಬಟ್ಟೆ ಒಗೆಯುತ್ತಿದ್ದ ತಾಯಂದಿರು ಕೈ ನಿಲ್ಲಿಸಿ ನೋಡಿ ನಗುತ್ತಿದ್ದರಂತೆ. ಅವಳೇ ಹೇಳಿದ್ದು.

ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ. ಸರಕಾರದವರು ಪಾಸಾಗಲಿಕ್ಕೆ ಮೂರು ಅವಕಾಶ ಎಂದು ಮಾಡಿದ್ದು. ನಮ್ಮಂಥವರಿಗೆ ಮೂರು ಸಲ ಫೇಲಾಗುವ ಅವಕಾಶ. ಪಾಠ ಶುರುವಾದ ಮೇಲೆ ಮೊದಲನೆಯ ಸಲ ಸುಳ್ಯದ ಕೇಂದ್ರದಲ್ಲಿ ಮಗಳ ವಯಸ್ಸಿನ ಹುಡುಗಿಯರ ನಡುವೆ ಕುಳಿತು, ಅರ್ಧ ಬರೆದು ಎದ್ದು ಬಂದಳು. ಎರಡನೆಯ ಸಲ ಎಲ್ಲ ಬರೆದಳು, ಸ್ವಲ್ಪದರಲ್ಲಿ ಹೋಯಿತು. ರಿಸಲ್ಟ್ ಬಂದ ದಿನ ನನ್ನ ಮನೆಗೆ ಬರಲಿಲ್ಲ. ಮಕ್ಕಳನ್ನು ಕರೆಯಲು ಹೋದ ಮನೆಯ ಮೆಟ್ಟಿಲಲ್ಲೇ ಕುಳಿತು ಅತ್ತಳಂತೆ. ಆ ಮನೆಯ ಸೊಸೆ ಕಾಫಿ ಕೊಟ್ಟು ಸಮಾಧಾನ ಮಾಡಿದಳಂತೆ. ಊರಿನ ಒಳ್ಳೆಯತನ ಕಂಡು ನನಗೂ ಸಮಾಧಾನವಾಯಿತು. ಕರ್ಮ! ಆ ಕಾಫಿಯ ಹಿಂದೆ ಏನು ಹುಟ್ಟುತ್ತಿತ್ತು ಎಂದು ನನಗೆ ಹೇಗೆ ತಿಳಿಯಬೇಕು?

ಆ ಮಳೆಗಾಲ ಮುಗಿಯುವ ಮೊದಲೇ ಆ ಊರಿಗೆ ಹಳದಿ ವ್ಯಾನು ಬಂತು. ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯದ್ದು. ಎಲ್.ಕೆ.ಜಿ.ಗಿಂತಲೂ ಕೆಳಗೆ ಒಂದು ತರಗತಿ ತೆರೆದು, ಸರಿಯಾಗಿ ಮಾತು ಬಾರದ ಮಕ್ಕಳನ್ನೂ ಟೈ ಕಟ್ಟಿ ಕರೆದುಕೊಂಡು ಹೋಗುವ ವ್ಯವಸ್ಥೆ. ಮೊದಲು ಒಂದು ಮನೆ, ಆಮೇಲೆ ಪಕ್ಕದ ಮನೆ. "ಸ್ವಲ್ಪ ದಿನ ಟೀಚರೇ, ಮಕ್ಕಳು ಅತ್ತು ಅತ್ತು ವಾಪಾಸು ಬರ್ತಾರೆ," ಎಂದಳು. ಯಾರೂ ವಾಪಸು ಬರಲಿಲ್ಲ.

ಒಂದು ದಿನ ಹೊಸ ಅಕ್ಕಿ ಊಟಕ್ಕೆಂದು ಅವಳು ನನ್ನನ್ನು ಮನೆಗೆ ಕರೆದಿದ್ದಳು. ಜೂನಿನಲ್ಲಿ ನನ್ನನ್ನು ಮತ್ತೆ ಕರೆದಿದ್ದ ಶಾಲೆಗೆ ರಜೆ ಹಾಕಿ ಬೆಳಿಗ್ಗೆಯೇ ಹೋಗಿ, ಅವಳ ಜೊತೆಗೆ ಮಕ್ಕಳನ್ನು ಕರೆಯುವ ದಾರಿಯಲ್ಲಿ ನಾನೂ ನಡೆದೆ. ಅಷ್ಟು ದೊಡ್ಡ ಸುತ್ತಿನಲ್ಲಿ ಕೈಗೆ ಸಿಕ್ಕಿದ್ದು ಒಂದೇ ಮಗು. ಕಾಫಿ ಕೊಟ್ಟಿದ್ದಳಲ್ಲ, ಆ ಸೊಸೆ ಅಂಗಳದಲ್ಲಿ ತನ್ನ ಮಗಳಿಗೆ ಬೂಟು ಹಾಕುತ್ತಿದ್ದಳು. ನಾನು ಇಂಗ್ಲಿಷ್ ಟೀಚರ್ ಎಂದು ತಿಳಿದು ಅವಳಿಗೆ ಬಹಳ ಖುಷಿಯಾಯಿತು.

"ನಿಮ್ಮನ್ನು ನೋಡ್ಬೇಕು ಅಂತ ಇತ್ತು ಟೀಚರ್. ಈ ಅಕ್ಕನನ್ನು ನೋಡಿಯೇ ನಾವೆಲ್ಲ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು. ಅಷ್ಟು ಕೆಲಸ ಗೊತ್ತಿದ್ದವರು, ಇಂಗ್ಲಿಷ್ ಒಂದು ಇಲ್ಲದೆ ನಮ್ಮ ಮೆಟ್ಟಿಲಲ್ಲಿ ಕೂತು ಅತ್ತರಲ್ಲ, ನನಗೆ ನಿದ್ರೆ ಬರ್ಲಿಲ್ಲ ಮಾರಾಯ್ರೆ. ನನ್ನ ಮಗಳಿಗೆ ಈ ಗತಿ ಬೇಡ ಅಂತ ಮರುದಿನವೇ ನಮ್ಮ ಯಜಮಾನರ ಹತ್ತಿರ ಹೇಳಿ ಅಡ್ಮಿಷನ್ ಮಾಡಿಸಿದೆ. ಆಮೇಲೆ ಆಚೆಮನೆಯವರೂ ಹಾಗೆಯೇ ಹೇಳಿದ್ರು."

ಅವಳ ಮಾತಿನಲ್ಲಿ ಒಂದು ತೊಟ್ಟೂ ಕೆಟ್ಟದ್ದಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಬೈಯಲು ಒಬ್ಬ ದುಷ್ಟನಾದರೂ ಸಿಕ್ಕಿದ್ದರೆ ನಾಲಿಗೆಗೆ ಕೆಲಸವಿರುತ್ತಿತ್ತು. ನಾನು ನನ್ನ ಗೆಳತಿಯ ಮುಖ ನೋಡಲಾರದೆ ಬೂಟು ನೋಡಿದೆ. ಅವಳು ಬಗ್ಗಿ ಆ ಮಗುವಿನ ಟೈ ಸರಿಮಾಡಿ, "ಒಳ್ಳೆದಾಯ್ತು, ಚಂದ ಕಲೀಲಿ," ಎಂದಳು. ಸಿಕ್ಕಿದ ಆ ಒಂದೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಸಂಕ ದಾಟಿದಳು. ಅವಳು ದಾರಿಯಲ್ಲಿ ಇಂಗ್ಲಿಷ್ ಹೇಳುವುದನ್ನು ಆ ದಿನದಿಂದ ನಿಲ್ಲಿಸಿದಳು.

ಓದುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮುಂದಿನ ವರ್ಷದ ಮೊದಲನೆಯ ಪರೀಕ್ಷೆಯಲ್ಲಿ ಪಾಸಾದಳು. ಗ್ರಾಮರಿನ ಪ್ರಶ್ನೆ ಒಂದೂ ತಪ್ಪಿರಲಿಲ್ಲ ಎಂದು ಅವಳ ನಂಬಿಕೆ, ನನ್ನದೂ. ಒಂದು ಕಟ್ಟು ಹಲಸಿನ ಹಪ್ಪಳ ತಂದು ನನ್ನ ಕೈಗೆ ಕೊಟ್ಟು ಕಾಲಿಗೆ ಬೀಳಲು ಬಂದಳು. "ಇದೆಂತ ಸಾವು ಮಾರಾಯ್ತಿ, ನಾನೆಂತ ದೇವರಾ?" ಎಂದು ಎತ್ತಿ ನಿಲ್ಲಿಸಿದೆ. ಇಬ್ಬರೂ ಅತ್ತೆವು. ನಾಲ್ಕೈದು ದಿನ ನನಗೆ ನನ್ನ ಕೆಲಸದ ಮೇಲೆ ಪ್ರೀತಿ ಬಂದಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅಂಗನವಾಡಿಯಲ್ಲಿ ಮಕ್ಕಳೇ ಉಳಿದಿರಲಿಲ್ಲ. ಟೀಚರಮ್ಮ ರಿಟೈರ್ ಆದ ಕೂಡಲೇ ಅದನ್ನು ಹೊಳೆಯಾಚೆಯ ಕೇಂದ್ರಕ್ಕೆ ಸೇರಿಸಿದರು. ಅಲ್ಲಿ ಟೀಚರೂ ಇದ್ದಳು, ಸಹಾಯಕಿಯೂ ಇದ್ದಳು. ನಾನು ಅವಳನ್ನು ಕರೆದುಕೊಂಡು ಸಂಬಂಧಪಟ್ಟವರ ಎದುರು ಹೋಗಿ ನಿಂತೆ. ಅವರೂ ಒಳ್ಳೆಯವರೇ. ಕುರ್ಚಿ ಕೊಟ್ಟರು. "ನೀವು ಪಾಸಾದದ್ದು ಭಾರೀ ಒಳ್ಳೆದಾಯ್ತಮ್ಮ. ಆದ್ರೆ ಸೆಂಟರೇ ಇಲ್ಲದೆ ಪೋಸ್ಟ್ ಎಲ್ಲಿಂದ ತರುದು? ಮುಂದೆ ಎಲ್ಲಿಯಾದ್ರೂ ಖಾಲಿ ಆದ್ರೆ ನೋಡುವ," ಎಂದರು. ನಾನು ದನಿ ಏರಿಸಿದೆ. ಅವಳು ನನ್ನ ಕೈ ಹಿಡಿದೆಳೆದು, "ಬನ್ನಿ ಟೀಚರೇ, ಅವರು ತಾನೇ ಎಂತ ಮಾಡುದು," ಎಂದು ಹೊರಗೆ ತಂದಳು. ಹೊಳೆಯಾಚೆ ಸ್ವಲ್ಪ ಕಾಲ ಹೆಚ್ಚುವರಿಯವಳಾಗಿ ಇದ್ದು, ಅಲ್ಲಿಯವರ ಮುಖ ಗಂಟಾದದ್ದನ್ನು ಕಂಡು ಕೆಲಸ ಬಿಟ್ಟಳು.

ಈ ವರ್ಷ ನನ್ನನ್ನು ಶಾಲೆಗೆ ಮತ್ತೆ ಕರೆದಿದ್ದಾರೆ, ತಡವಾಗಿ. ಮೊನ್ನೆ ಬೆಳಿಗ್ಗೆ ಅರಂತೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಆ ಹಳದಿ ವ್ಯಾನು ಅಂಗಡಿಯ ಪಕ್ಕ ನಿಂತಿತು. ಒಬ್ಬ ತಾಯಿ ಓಡಿ ಬರುತ್ತಿದ್ದಳು, ಅವಳಿಗಾಗಿ ನಿಲ್ಲಿಸಿದ್ದು. ಬಾಗಿಲಲ್ಲಿ ನೀಲಿ ಕೋಟು ಹಾಕಿಕೊಂಡು ನನ್ನ ಗೆಳತಿ ನಿಂತಿದ್ದಳು. ವ್ಯಾನಿನ ಆಯಾ ಆಗಿ ಸೇರಿ ಸ್ವಲ್ಪ ದಿನವಾಯಿತಂತೆ. ಒಳಗಿದ್ದವರಲ್ಲಿ ಹೆಚ್ಚಿನವರು ಅವಳ ದಾರಿಯ ಮಕ್ಕಳೇ.

"ಹೇಗುಂಟು?" ಎಂದೆ. ಬೇರೆ ಏನು ಕೇಳಲಿ?

"ಕೆಲಸ ಸುಲಭ ಟೀಚರೇ. ಹತ್ತಿಸುದು, ಇಳಿಸುದು. ಮಾತಾಡ್ಲಿಕ್ಕೆ ಮಾತ್ರ ಇಲ್ಲ."

"ಅಂದ್ರೆ?"

"ವ್ಯಾನಿನಲ್ಲಿ ಇಂಗ್ಲಿಷ್ ಮಾತ್ರ ಅಂತ ರೂಲ್ಸು. ಕನ್ನಡ, ಅರೆಭಾಷೆ ಆಗ್ಲಿಕ್ಕಿಲ್ಲ."

"ಹಾಗಾದ್ರೆ ಇಂಗ್ಲಿಷ್ ಮಾತಾಡಿ! ನಿಮಗೆ ಬರ್ತದಲ್ಲ? ಪಾಸಾಗಿದ್ದೀರಿ ಅಂತ ಹೇಳಿ ಅವರ ಹತ್ತಿರ!" ಅಂಗಡಿಯವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

"ಹೇಳಿದೆ," ಎಂದಳು. "ವಾಕ್ಯ ಎಲ್ಲ ಸರಿ ಉಂಟಂತೆ. ನನ್ನ ಉಚ್ಚಾರ ಮಕ್ಕಳಿಗೆ ಅಂಟಿಕೊಳ್ತದಂತೆ. ಹಾಗೆ ಬಾಯಿ ಮುಚ್ಚಿ ಕೂತ್ಕೊಳ್ಳಿ ಅಂತ ಹೇಳಿದ್ದಾರೆ."

ಅಷ್ಟರಲ್ಲಿ ಓಡಿ ಬಂದ ತಾಯಿ ಮಗುವನ್ನು ಅವಳ ತೋಳಿಗೆ ಹಾಕಿದಳು. ಹೊಸದಾಗಿ ಸೇರಿದ ಮಗು, ಮೂರು ವರ್ಷ ತುಂಬಿರಲಿಕ್ಕಿಲ್ಲ. ತಾಯಿಯ ಕಡೆಗೆ ಕೈ ಚಾಚಿ ಎದೆ ಒಡೆದು ಹೋಗುವ ಹಾಗೆ ಅಳುತ್ತಿತ್ತು. ಇವಳು ಅದರ ಬೆನ್ನು ಸವರಿದಳು, ಕಣ್ಣು ಮೂಗು ಒರೆಸಿದಳು. ಏನೋ ಹೇಳಲು ಅವಳ ಬಾಯಿ ತೆರೆದದ್ದನ್ನು ನಾನು ನೋಡಿದೆ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಮಗು ಅವಳನ್ನೇ ನೋಡಿತು, ಬಿಕ್ಕುತ್ತಾ ಬಿಕ್ಕುತ್ತಾ ತಾನೂ ತುಟಿಯ ಮೇಲೆ ಬೆರಳಿಟ್ಟುಕೊಂಡಿತು.