ಕೊನೆಯ ಹಾಡಿಗೆ ಬಿದ್ದ ಕುಂಕುಮ

ಒಂದು ಹಾಡು ಹೇಗೆ ಮುಗಿಯುತ್ತದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟ ವಿಲಾಯತಿ ಸಂಕಲನವೊಂದರ ಕೊನೆಯ ಹಾಡು ಅದು. ಇನ್ನೇನು ರಂಗೇರಬೇಕು, ಅಷ್ಟರಲ್ಲಿ ಟೇಪು ಮುಗಿದು ‘ಟಕ್’ ಅನ್ನುತ್ತಿತ್ತು. ಆ ಟಕ್ಕನ್ನೇ ಅಂತ್ಯವೆಂದು ಒಪ್ಪಿಕೊಂಡು ತಲೆ ಹಣ್ಣಾಯಿತು.

ಸಂಕಲನದ ಲಕ್ಷಣವನ್ನಿಷ್ಟು ಹೇಳಬೇಕು. ಪಂಕ್ ಸಂಗೀತದವರು ಕೂಗಾಡಿ ಸುಸ್ತಾದ ಮೇಲೆ ಬಂದ ಪೋಸ್ಟ್-ಪಂಕ್ ತಂಡಗಳು, ಸಿಟ್ಟನ್ನು ಹಾಗೇ ಇಟ್ಟುಕೊಂಡು ಡಿಸ್ಕೋ ಯಂತ್ರಗಳ ಜೊತೆ ಸಂಸಾರ ಹೂಡಿದವು. ಗಿಟಾರು ಜಗಳಕ್ಕೆ ನಿಂತಿರುತ್ತದೆ, ಎಲೆಕ್ಟ್ರಾನಿಕ್ ಡ್ರಮ್ಮು ತನ್ನ ಪಾಡಿಗೆ ಕುಣಿಸುತ್ತಿರುತ್ತದೆ. ಬಸವೇಶ್ವರನಗರದಂಥ ಮರ್ಯಾದಸ್ಥ ಬಡಾವಣೆಯಲ್ಲಿ ಇದನ್ನು ಬಾಗಿಲು ಹಾಕಿಕೊಂಡು ಕೇಳುವುದು ವಾಡಿಕೆ, ನನ್ನೊಬ್ಬನ ವಾಡಿಕೆ.

ಮೊಬೈಲಿನಲ್ಲಿ ಅದೇ ಹಾಡಿನ ಮೊಟಕು ರೂಪ ಸಿಗುತ್ತದೆ. ಕುಣಿತಕ್ಕೆಂದು ಹಿಗ್ಗಿಸಿದ್ದು ಈ ಸಂಕಲನದಲ್ಲಿ ಮಾತ್ರ. ಅದರ ಹಳೇ ಎಲ್‌ಪಿ ತಟ್ಟೆ ಅಂತೂ ಈ ವರ್ಷ ಕೈಸೇರಿತು. ಆಯುಧಪೂಜೆಯ ಬೆಳಿಗ್ಗೆ ಮೊದಲ ಬದಿ ಕೇಳಿ, ತಟ್ಟೆ ತಿರುವಿ ಹಾಕಿ, ರೆಕಾರ್ಡ್ ಪ್ಲೇಯರಿನ ಮುಳ್ಳಿಗೆ ಕೈ ಹಾಕಿದ್ದೆ.

“ರೀ, ಸ್ಕೂಟರ್‌ಗೆ ಒಡೆಯೋಕೆ ಬೂದುಗುಂಬಳಕಾಯೇ ತಂದಿಲ್ವಲ್ರೀ!” ಅಂದಳು ಹೆಂಡತಿ.

ವಿಜಯನಗರದ ಮಾರ್ಕೆಟ್ಟಿನ ನೂಕುನುಗ್ಗಲಿನಿಂದ ಕುಂಬಳಕಾಯಿ ಹೊತ್ತು ಬರುವಷ್ಟರಲ್ಲಿ, ಕೆಂಗೇರಿಯಿಂದ ಮೆಟ್ರೋದಲ್ಲಿ ಬಂದಿಳಿದಿದ್ದ ನಮ್ಮತ್ತೆ ಮನೆಯ ಸಮಸ್ತ ಯಂತ್ರಗಳಿಗೂ ಗಂಧ, ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದ್ದರು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮೆಷಿನ್ನು. ನನ್ನ ರೆಕಾರ್ಡ್ ಪ್ಲೇಯರು ಕೂಡ. ಅಂದರೆ ಅದರ ಮೇಲಿದ್ದ ತಟ್ಟೆ. ಸರಿಯಾಗಿ ಕೊನೆಯ ಹಾಡಿನ ಗೀರುಗಳ ಮೇಲೆ, ಹೆಬ್ಬೆಟ್ಟಿನಗಲ.

“ಅಳಿಯಂದ್ರೇ, ನಿಮ್ದೂ ಬಿಟ್ಟಿಲ್ಲ ನೋಡಿ.”

“ಡಬ್ಬದ ಮೇಲೆ ಇಡಬಹುದಿತ್ತಲ್ಲಾ ಅತ್ತೆ…”

“ತಿರುಗೋದಕ್ಕೆ ತಾನೇ ಇಡೋದು? ಗ್ರೈಂಡರ್‌ಗೂ ಕಲ್ಲಿಗೇ ಇಟ್ಟಿದೀನಿ.”

ತರ್ಕದಲ್ಲಿ ದೋಷವಿರಲಿಲ್ಲ. ಹೆತ್ತ ತಾಯಿಯಾಗಿದ್ದರೆ ಕೂಗಾಡಿಬಿಡುತ್ತಿದ್ದೆ. ಅತ್ತೆಯ ಮುಂದೆ ಅಳಿಯನಿಗಿರುವುದು ಹಲ್ಲು ಕಿರಿಯುವ ಹಕ್ಕೊಂದೇ. ಪೂಜೆಯಾದ ಯಂತ್ರವನ್ನು ಅವತ್ತು ಮುಟ್ಟುವಂತೆಯೂ ಇಲ್ಲ. ಕುಂಕುಮ ನಿಶ್ಚಿಂತೆಯಿಂದ ಒಣಗಿತು.

ವಿಜಯದಶಮಿಯ ಬೆಳಿಗ್ಗೆ ಒದ್ದೆ ಹತ್ತಿಯಿಂದ ಒರೆಸಿದೆ. ಗಂಧ ಬಿಟ್ಟು ಬಂತು, ಕುಂಕುಮ ಗೀರಿನೊಳಗೆ ಇನ್ನಷ್ಟು ಆಳಕ್ಕೆ ಇಳಿಯಿತು. ಆದದ್ದಾಗಲಿ ಎಂದು ಮುಳ್ಳಿಟ್ಟೆ. ಹಾಡು ಹೊರಟಿತು. ಹಳೇ ‘ಟಕ್’ ಬರಬೇಕಾದ ಜಾಗವನ್ನೂ ದಾಟಿತು. ಅಷ್ಟರಲ್ಲೇ ಮುಳ್ಳು ಕುಂಕುಮಕ್ಕೆ ಎಡವಿ ಹಿಂದಕ್ಕೆ ಹಾರಿತು. ಅದೇ ಸುತ್ತು. ಮತ್ತೆ ಅದೇ. ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಸೀದಾ ಲೇಬಲ್ಲಿನ ತನಕ ಜಾರಿ ಗರಗರ ಅಂದಿತು. ಹಿಂದಕ್ಕಿಟ್ಟರೆ ಪುನಃ ಅಲ್ಲಿಗೇ ಬಂದು ಸಿಕ್ಕಿಕೊಂಡಿತು. ನಿಲ್ಲಿಸಲು ಕೈ ಚಾಚಿದೆ.

“ಇರಲಿ ಬಿಡಿ ಅಳಿಯಂದ್ರೇ,” ಅಂದರು ಅತ್ತೆ, ಸೋಫಾದಲ್ಲಿ ಕೂತು ಮಂಡಿಯ ಮೇಲೆ ತಾಳ ಹಾಕುತ್ತಾ. “ಮೊದಲಿನದ್ದೆಲ್ಲಾ ಬರೀ ಗಲಾಟೆ. ಇದು ಭಜನೆ ಥರ ಇದೆ.”

“ಅಮ್ಮಂಗೆ ಹಿಡಿಸಿದೆ ಅಲ್ವೇನ್ರೀ, ಸುಮ್ನೆ ಕೂತ್ಕೊಳ್ಳಿ,” ಅಡುಗೆಮನೆಯಿಂದ ಆಜ್ಞೆಯಾಯಿತು.

ಕೂತೆ. ಕಾಫಿ ಬಂತು. ಅತ್ತೆ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. ಹಾಡು ಅಲ್ಲೇ ಇತ್ತು.

“ಎಷ್ಟುದ್ದ ಇದೆಯಪ್ಪಾ ಇದು! ಕೊನೇಲಿ ಏನಾಗತ್ತೆ?”

“ನಾನೂ ಅದಕ್ಕೇ ಕಾಯ್ತಾ ಇದೀನಿ ಅತ್ತೆ,” ಅಂದೆ.